ಈ ನೀರು ಎಲ್ಲಿಂದ ಬಂತು? ದ್ವೀಪಕ್ಕೆ ಹೊರಟವರು ಕೇಳಬೇಕಾದ ಪ್ರಶ್ನೆ

ಹೊಸದಾಗಿ ಮದುವೆಯಾದವರು ಮಾಲ್ಡೀವ್ಸ್‌ಗೆ, ಮಕ್ಕಳನ್ನು ಕಟ್ಟಿಕೊಂಡವರು ಅಂಡಮಾನಿಗೆ, ಗೆಳೆಯರ ಗುಂಪುಗಳು ಬಾಲಿಗೆ, ಕರಾವಳಿಯ ಕೆಲವರು ಲಕ್ಷದ್ವೀಪಕ್ಕೆ. ಕರ್ನಾಟಕದಿಂದ ದ್ವೀಪಗಳ ಕಡೆಗೆ ಹೊರಡುವ ಮಂದಿ ಈಗ ಕಡಿಮೆಯೇನಿಲ್ಲ. ಟಿಕೆಟ್, ವೀಸಾ, ಕೋಣೆ, ದೋಣಿ ಎಲ್ಲವನ್ನೂ ತಿಂಗಳುಗಟ್ಟಲೆ ಮೊದಲೇ ವಿಚಾರಿಸುತ್ತಾರೆ. ಕುಡಿಯುವ ನೀರಿನ ಬಗ್ಗೆ ಮಾತ್ರ ಯಾರೂ ವಿಚಾರಿಸುವುದಿಲ್ಲ. ಹೊಟ್ಟೆ ಕೆಟ್ಟ ಮೇಲಷ್ಟೇ ಆ ಮಾತು ಬರುತ್ತದೆ.

ಊರಿನಲ್ಲಿ ಹೊಟ್ಟೆ ಕೆಟ್ಟರೆ ಬೀದಿ ತುದಿಯಲ್ಲಿ ಔಷಧದಂಗಡಿ ಇರುತ್ತದೆ, ಆಟೊ ಹಿಡಿದರೆ ಆಸ್ಪತ್ರೆ ಸಿಗುತ್ತದೆ. ಚಿಕ್ಕ ದ್ವೀಪದಲ್ಲಿ ಇರುವುದು ಹೆಚ್ಚೆಂದರೆ ಒಂದು ಆರೋಗ್ಯ ಕೇಂದ್ರ. ಅದಕ್ಕಿಂತ ದೊಡ್ಡ ಆಸ್ಪತ್ರೆ ಬೇಕೆಂದರೆ ಸಮುದ್ರ ದಾಟಬೇಕು. ಸಂಜೆಯ ಕೊನೆಯ ದೋಣಿ ಹೋದ ಮೇಲೆ, ಅಥವಾ ಗಾಳಿಮಳೆಗೆ ದೋಣಿಗಳೇ ನಿಂತ ದಿನ, ಮಗುವಿಗೆ ವಾಂತಿಭೇದಿ ಶುರುವಾದರೆ ತಂದೆತಾಯಿ ಪಡುವ ಪಾಡು ಯಾರಿಗೂ ಬೇಡ. ದ್ವೀಪದಲ್ಲಿ ಎಚ್ಚರಿಕೆಯ ಅಳತೆಯೇ ಬೇರೆಯಾಗಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಎಲ್ಲ ದ್ವೀಪಗಳ ನೀರು ಒಂದೇ ಅಲ್ಲ. ಅದು ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದು ಅರ್ಧದಷ್ಟು ತಿಳಿದಂತೆ.

ಮಾಲ್ಡೀವ್ಸ್ ಮತ್ತು ಲಕ್ಷದ್ವೀಪ ಹವಳದ ದ್ವೀಪಗಳು. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ. ನೆಲ ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಎತ್ತರವಿದ್ದರೆ ಅದೇ ಹೆಚ್ಚು. ಬಿದ್ದ ಮಳೆ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ಸಾರಿನ ಮೇಲೆ ತುಪ್ಪ ತೇಲಿದ ಹಾಗೆ ತೆಳುವಾಗಿ ನಿಲ್ಲುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಅಷ್ಟೇ ಕಾರಣ. ಬಾವಿ ತೋಡಿದರೆ ಸಿಗುವುದು ಈ ಪದರ. ಮೋಟಾರು ಹಾಕಿ ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಶೌಚದ ಗುಂಡಿಗಳದು. ಇಕ್ಕಟ್ಟಾದ ದ್ವೀಪದಲ್ಲಿ ಬಾವಿ ಮತ್ತು ಗುಂಡಿ ಹಲವೆಡೆ ಕೆಲವೇ ಮಾರು ದೂರದಲ್ಲಿರುತ್ತವೆ, ನಡುವೆ ಇರುವುದು ನೀರನ್ನು ಸರಾಗವಾಗಿ ಹಾಯಿಸುವ ಮರಳು. ಆದ್ದರಿಂದ ಹವಳದ ದ್ವೀಪದ ಬಾವಿನೀರು ಕಣ್ಣಿಗೆ ಎಷ್ಟೇ ತಿಳಿಯಾಗಿದ್ದರೂ ಕುದಿಸದೆ ಕುಡಿಯಬಾರದು.

ಅಲ್ಲಿನ ಜನ ಕುಡಿಯುವುದು ಬಹುಮಟ್ಟಿಗೆ ತೊಟ್ಟಿಯಲ್ಲಿ ಹಿಡಿದ ಮಳೆನೀರನ್ನು, ಇಲ್ಲವೇ ಯಂತ್ರದಿಂದ ಉಪ್ಪು ತೆಗೆದ ಸಮುದ್ರದ ನೀರನ್ನು. ಲಕ್ಷದ್ವೀಪದ ಕವರತ್ತಿಯಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಸ್ಥಾಪಿಸಿದ ಘಟಕ ದಿನಕ್ಕೆ 1 ಲಕ್ಷ ಲೀಟರ್ ನೀರು ಕೊಡುವಂಥದ್ದು. ಸಮುದ್ರದ ಮೇಲ್ಭಾಗದ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಸುಮಾರು 350 ಮೀಟರ್ ಆಳದಿಂದ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುತ್ತಾರೆ. ಉರಿಸುವ ಬೆಂಕಿಯಿಲ್ಲ, ಸಮುದ್ರದ ಎರಡು ಪದರಗಳ ಬಿಸಿ ತಂಪಿನ ವ್ಯತ್ಯಾಸವೇ ಬಂಡವಾಳ. ಈ ಕೆಲಸದ ಬಗ್ಗೆ ನನಗೆ ತುಂಬ ಗೌರವ. ಮಿನಿಕಾಯ್, ಅಗತ್ತಿ ಮೊದಲಾದ ದ್ವೀಪಗಳಲ್ಲೂ ಆಮೇಲೆ ಇಂಥ ಘಟಕಗಳು ಬಂದವು.

ಯಂತ್ರವನ್ನೇ ನಂಬಿದ ಊರಿನ ಬದುಕು ಎಷ್ಟು ನಾಜೂಕು ಎಂಬುದನ್ನು ಮಾಲ್ಡೀವ್ಸ್ ಕಂಡಿದೆ. 2014ರ ಡಿಸೆಂಬರ್ 4ರಂದು ರಾಜಧಾನಿ ಮಾಲೆಯ ನೀರಿನ ಘಟಕದಲ್ಲಿ ಬೆಂಕಿ ಹೊತ್ತಿಕೊಂಡಿತು. ಸುಮಾರು 1 ಲಕ್ಷ ಜನರ ನಲ್ಲಿ ಬರಿದಾಯಿತು. ಭಾರತದ ವಾಯುಪಡೆಯ ವಿಮಾನಗಳು ಕುಡಿಯುವ ನೀರು ಹೊತ್ತು ಹೋದವು, ನೌಕಾಪಡೆಯ ಐಎನ್‌ಎಸ್ ಸುಕನ್ಯಾ ಸಹಾಯಕ್ಕೆ ಧಾವಿಸಿತು. ಪ್ರವಾಸಿಗರು ಇದರಿಂದ ತಿಳಿಯಬೇಕಾದದ್ದು ಇಷ್ಟು: ಚಿಕ್ಕ ದ್ವೀಪದ ಅತಿಥಿಗೃಹದಲ್ಲಿ ಎರಡು ದಿನಕ್ಕಾಗುವಷ್ಟು ಮುಚ್ಚಿದ ನೀರು ಕೋಣೆಯಲ್ಲಿರಲಿ. ನಾಳೆ ಬೆಳಿಗ್ಗೆ ಅಂಗಡಿಗೆ ಹೋಗಿ ತಂದರಾಯಿತು ಎನ್ನಬೇಡಿ. ಸರಕಿನ ದೋಣಿ ತಡವಾದರೆ ಅಂಗಡಿಯಲ್ಲೂ ಇರುವುದಿಲ್ಲ.

ಅಂಡಮಾನಿನ ಕಥೆ ಬೇರೆ. ಅಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಪೋರ್ಟ್ ಬ್ಲೇರ್ ಎಂದು ನಾವು ಕರೆಯುತ್ತಿದ್ದ, 2024ರಿಂದ ಶ್ರೀ ವಿಜಯಪುರಂ ಆಗಿರುವ ಪಟ್ಟಣಕ್ಕೆ ಧನಿಖಾರಿ ಅಣೆಕಟ್ಟೆಯ ನೀರು. ಆದರೆ ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಕೈಕೊಡುತ್ತದೆ, ಪ್ರವಾಸಿಗರು ತುಂಬಿ ತುಳುಕುವುದೂ ಅದೇ ತಿಂಗಳುಗಳಲ್ಲಿ. ನಲ್ಲಿನೀರು ದಿನ ಬಿಟ್ಟು ದಿನ ಬಂದಾಗ ಟ್ಯಾಂಕರ್ ಬರುತ್ತದೆ, ತೊಟ್ಟಿಯ ತಳದ ನೀರು ನಲ್ಲಿಗೆ ಇಳಿಯುತ್ತದೆ. ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಲ್ಲಿ ತಂಗುವವರು ಈ ತಿಂಗಳುಗಳಲ್ಲಿ ಹೋಟೆಲಿನ ನೀರು ಯಾವ ಮೂಲದ್ದು ಎಂದು ಕೇಳಲೇಬೇಕು.

ಬಾಲಿ ಜ್ವಾಲಾಮುಖಿ ಪರ್ವತಗಳ ದ್ವೀಪ. ಹೊಳೆ, ಬುಗ್ಗೆ, ಗದ್ದೆ, ಕೆರೆ ಎಲ್ಲವೂ ಅಲ್ಲಿವೆ. ಹಸಿರು ನೋಡಿ ನಲ್ಲಿನೀರು ಚೆನ್ನಾಗಿರಬಹುದು ಎಂದುಕೊಳ್ಳುವುದು ಸಹಜ, ಆದರೆ ಬಾಲಿಯವರೇ ಅದನ್ನು ಹಾಗೆಯೇ ಕುಡಿಯುವುದಿಲ್ಲ. ಕುದಿಸುತ್ತಾರೆ, ಅಥವಾ 19 ಲೀಟರಿನ ಕ್ಯಾನು ತರಿಸುತ್ತಾರೆ. ದಕ್ಷಿಣದ ಕೂಟಾ, ಸೆಮಿನ್ಯಾಕ್, ಚಾಂಗು ಕಡೆ ಹೋಟೆಲುಗಳು ಒತ್ತೊತ್ತಾಗಿ ಬೆಳೆದಿವೆ, ಕೊಳವೆಬಾವಿಗಳೂ ಶೌಚಗುಂಡಿಗಳೂ ಅಷ್ಟೇ ಒತ್ತೊತ್ತಾಗಿವೆ. ಪಕ್ಕದ ಗಿಲಿ ದ್ವೀಪಗಳ ನಲ್ಲಿಯಲ್ಲಿ ಉಪ್ಪುಪ್ಪಾದ ನೀರು ಬರುವುದು ಹಳೆಯ ಸಮಸ್ಯೆ.

ಉಪ್ಪಾದ ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ಪ್ರವಾಸಕ್ಕೆಂದು ಮಾರುವ ಸೋಸುಬಾಟಲಿಗಳಿಂದಲೂ ಉಪ್ಪು ಹೋಗುವುದಿಲ್ಲ. ಆ ಬಾಟಲಿಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ, ವೈರಸ್ಸುಗಳು ಅವುಗಳಿಗಿಂತ ಚಿಕ್ಕವಾದ್ದರಿಂದ ನುಸುಳುತ್ತವೆ. ಕ್ಲೋರಿನ್ ಮಾತ್ರೆ ಬ್ಯಾಕ್ಟೀರಿಯಾ, ವೈರಸ್ ಎರಡಕ್ಕೂ ಆಗುತ್ತದೆ, ಆದರೆ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಗೆ ಆಗುವುದಿಲ್ಲ. ಹಾಕಿದ ಮೇಲೆ ಅರ್ಧ ಗಂಟೆ ಕಾಯಬೇಕು. ಇವೆಲ್ಲಕ್ಕಿಂತ ನೆಚ್ಚಬಹುದಾದದ್ದು ನಮ್ಮ ಅಜ್ಜಿಯರ ಕಾಲದ ಉಪಾಯವೇ: ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಮುಚ್ಚಿಟ್ಟು ಆರಿಸುವುದು. ಕೋಣೆಯಲ್ಲಿ ವಿದ್ಯುತ್ ಕೆಟಲ್ ಇದೆಯೇ ಎಂದು ಕಾಯ್ದಿರಿಸುವಾಗಲೇ ಕೇಳಿ. ಇಲ್ಲದಿದ್ದರೆ ಚಿಕ್ಕದೊಂದನ್ನು ಮನೆಯಿಂದಲೇ ಒಯ್ಯುವುದು ಜಾಣತನ.

ಬಾಟಲಿ ಕೊಳ್ಳುವಾಗ ಮುಚ್ಚಳದ ಕೆಳಗಿನ ಉಂಗುರ ಒಡೆಯದೆ ಇರಬೇಕು, ತಿರುಗಿಸಿದಾಗ ಅದು ಕಿತ್ತು ಬರುವುದು ಕೈಗೆ ತಿಳಿಯಬೇಕು. ಬಾಲಿಯಲ್ಲಿ 2025ರಲ್ಲಿ ಗವರ್ನರ್ ಹೊರಡಿಸಿದ ಸುತ್ತೋಲೆ ಒಂದು ಲೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೆ ಕಡಿವಾಣ ಹಾಕಿತು. ದ್ವೀಪದ ಕಸ ದ್ವೀಪದಲ್ಲೇ ಉಳಿಯುತ್ತದೆ, ಆದ್ದರಿಂದ ಆ ಕ್ರಮ ನನಗೆ ಸರಿಯೆನಿಸುತ್ತದೆ. ಸ್ಟೀಲ್ ಬಾಟಲಿ ಒಯ್ದು, ಹೋಟೆಲಿನ ದೊಡ್ಡ ಕ್ಯಾನಿನಿಂದ ತುಂಬಿಸಿಕೊಳ್ಳಿ. ತುಂಬಿಸುವ ಮೊದಲು ಕ್ಯಾನಿನ ಬಾಯಿ, ನಲ್ಲಿಯ ತುದಿ ಎರಡನ್ನೂ ಒಮ್ಮೆ ನೋಡಿ. ಹಲ್ಲುಜ್ಜಲು, ಮಗುವಿನ ಹಾಲಿನ ಪುಡಿ ಕಲಸಲು, ಮಾತ್ರೆ ನುಂಗಲು ಕುಡಿಯುವ ನೀರೇ ಆಗಬೇಕು. ಷವರಿನ ಕೆಳಗೆ ಮಕ್ಕಳು ಬಾಯಿ ತೆರೆದು ನೀರು ಹಿಡಿಯುವ ಆಟವಾಡುತ್ತಾರೆ. ಅದನ್ನು ತಡೆಯಿರಿ.

ಮಂಜುಗಡ್ಡೆಯ ಬಗ್ಗೆ ಒಂದು ತಪ್ಪು ನಂಬಿಕೆ ಇದೆ, ತಣ್ಣಗಾದರೆ ಕ್ರಿಮಿ ಸಾಯುತ್ತದೆ ಎಂದು. ಸಾಯುವುದಿಲ್ಲ; ಸುಮ್ಮನಿದ್ದು, ಕರಗಿದಾಗ ಮತ್ತೆ ಚುರುಕಾಗುತ್ತದೆ. ಲೋಟದಲ್ಲಿ ಮದ್ಯ ಬೆರೆತಿದ್ದರೂ ಅಷ್ಟೇ. ಬಾಲಿಯಲ್ಲಿ ನಡುವೆ ತೂತಿರುವ ಕೊಳವೆಯಾಕಾರದ ಐಸ್ ತುಂಡುಗಳು ಸಿಗುತ್ತವೆ. ಅವು ಕಾರ್ಖಾನೆಯಲ್ಲಿ ಶುದ್ಧೀಕರಿಸಿದ ನೀರಿನಿಂದ ಮಾಡಿದವು, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ದೊಡ್ಡ ದಿಮ್ಮಿಯಿಂದ ಒಡೆದ ಅಡ್ಡಾದಿಡ್ಡಿ ಚೂರುಗಳು ಮೀನು ತಂಪಾಗಿಡಲೆಂದು ಮಾಡಿದ ಐಸಿನವು, ಲೋಟಕ್ಕೆ ಬೀಳಬಾರದು. ‘ತನ್ಪಾ ಎಸ್’ ಎಂದರೆ ಐಸ್ ಬೇಡ ಎಂದು ಅಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಎಳನೀರು ದ್ವೀಪಗಳಲ್ಲಿ ನಮ್ಮವರಿಗೆ ಸಿಗುವ ದೊಡ್ಡ ಆಸರೆ. ಒಡೆಯದ ಕಾಯಿಯೊಳಗಿನ ನೀರಿಗೆ ಹೊರಗಿನ ಕೊಳೆ ಸೇರುವುದಿಲ್ಲ. ಕಣ್ಣೆದುರು ಕೆತ್ತಿಸಿಕೊಂಡು ಅಲ್ಲೇ ಕುಡಿಯಿರಿ, ಮೊದಲೇ ಜಗ್ಗಿನಲ್ಲಿ ಸುರಿದಿಟ್ಟದ್ದು ಬೇಡ.

ಮೀನಿನ ವಿಚಾರ

ದ್ವೀಪಕ್ಕೆ ಹೋಗಿ ಮೀನು ತಿನ್ನಬೇಡಿ ಎಂದು ಮೀನು ತಿನ್ನುವವರಿಗೆ ಹೇಳುವುದು ಅನ್ಯಾಯ. ಆದರೆ ಎರಡು ವಿಷಗಳ ಬಗ್ಗೆ ತಿಳಿದುಕೊಂಡು ತಿನ್ನಬೇಕು, ಏಕೆಂದರೆ ಎರಡೂ ಎಷ್ಟು ಬೇಯಿಸಿದರೂ ಹೋಗುವಂಥವಲ್ಲ.

ಮೊದಲನೆಯದು ಸಿಗ್ವಾಟೆರಾ. ಹವಳದ ಬಂಡೆಗಳ ಮೇಲೆ ಬೆಳೆಯುವ ಸೂಕ್ಷ್ಮ ಪಾಚಿಯೊಂದು ಈ ವಿಷದ ಮೂಲ. ಪಾಚಿ ಮೇಯುವ ಚಿಕ್ಕ ಮೀನನ್ನು ದೊಡ್ಡದು ತಿನ್ನುತ್ತದೆ, ಅದನ್ನು ಇನ್ನೂ ದೊಡ್ಡದು. ಹೀಗೆ ಮೇಲೇರುತ್ತಾ ವಿಷ ಗಟ್ಟಿಯಾಗುತ್ತದೆ. ಆದ್ದರಿಂದ ಹವಳದ ಸಮುದ್ರದಲ್ಲಿ ದೊಡ್ಡ ಬರಾಕುಡ, ದೊಡ್ಡ ಮುರು ಮೀನು, ಕೆಂಪು ಸ್ನ್ಯಾಪರ್, ಮೋರೆ ಈಲ್ ಎಂಬ ಹಾವುಮೀನು ಇವುಗಳ ಬಗ್ಗೆ ಹುಷಾರಾಗಿರಬೇಕು. ತಲೆ, ಪಿತ್ತಜನಕಾಂಗ, ಮೊಟ್ಟೆಗಳಲ್ಲಿ ವಿಷ ಹೆಚ್ಚು. ಮೀನಿನ ರುಚಿ, ವಾಸನೆ, ಬಣ್ಣ ಯಾವುದೂ ಬದಲಾಗುವುದಿಲ್ಲ, ತಾಜಾ ಮೀನಿನಲ್ಲೂ ವಿಷವಿರಬಹುದು. ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ; ಆಮೇಲೆ ತುಟಿ, ಬೆರಳುಗಳಲ್ಲಿ ಜುಮುಜುಮು. ತಣ್ಣನೆಯದನ್ನು ಮುಟ್ಟಿದರೆ ಸುಟ್ಟಂತಾಗುವುದು ಇದರ ವಿಚಿತ್ರ ಗುರುತು. ಕೆಲವರಲ್ಲಿ ವಾರಗಟ್ಟಲೆ ಉಳಿಯುತ್ತದೆ.

ಕೆರೀಬಿಯನ್, ಪೆಸಿಫಿಕ್ ದ್ವೀಪಗಳಲ್ಲಿ, ಮಾರಿಷಸ್ ಕಡೆ ಇದು ಹಳೆಯ ಪರಿಚಯ. ನಮಗೂ ದೂರದ್ದಲ್ಲ. 2015ರಲ್ಲಿ ಮಂಗಳೂರಿನ ಸುತ್ತಮುತ್ತ ಸ್ನ್ಯಾಪರ್ ಮೀನಿನ ತಲೆಗಳನ್ನು ತಂದು ಅಡುಗೆ ಮಾಡಿ ಉಂಡ ಹಲವರು ಆಸ್ಪತ್ರೆ ಸೇರಿದ್ದರು. ಅದು ಸಿಗ್ವಾಟೆರಾ ಇರಬಹುದೆಂದು ವಿಜ್ಞಾನಿಗಳು ವರದಿ ಮಾಡಿದರು. ಕರಾವಳಿಯವರಿಗೆ ಮೀನಿನ ತಲೆಯ ಸಾರು ಎಷ್ಟು ಪ್ರೀತಿಯದೆಂದು ಬಲ್ಲೆ. ಆದರೂ ದ್ವೀಪಕ್ಕೆ ಹೋದಾಗ ಹವಳದ ಬಂಡೆಯ ದೊಡ್ಡ ಮೀನಿನ ತಲೆ ಬೇಡ ಎಂದೇ ಹೇಳುತ್ತೇನೆ. ಯಾವ ಜಾಗದ ಯಾವ ಮೀನು ತಿನ್ನಬಾರದು ಎಂದು ಅಲ್ಲಿನ ಬೆಸ್ತರಿಗೆ ಗೊತ್ತಿರುತ್ತದೆ. ಅವರು ತಿನ್ನದ ಮೀನನ್ನು ನೀವು ತಿನ್ನಬೇಡಿ.

ಎರಡನೆಯದು ತಂಪು ತಪ್ಪಿದ ಮೀನಿನದು. ಕರಾವಳಿಯಲ್ಲಿ ಕೇದರ ಎನ್ನುವ ಟ್ಯೂನಾ, ಬಂಗುಡೆ ಇಂಥ ಮೀನುಗಳು ಹಿಡಿದ ಮೇಲೆ ಬಿಸಿಲಿನಲ್ಲಿ ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದರೆ ಅರ್ಧ ಗಂಟೆ, ಒಂದು ಗಂಟೆಯೊಳಗೆ ಮುಖ ಕೆಂಪಾಗಿ ಬಿಸಿಯೇರುತ್ತದೆ, ತಲೆ ಸಿಡಿಯುತ್ತದೆ, ಮೈಮೇಲೆ ದದ್ದು ಏಳುತ್ತದೆ. ಜನ ಮೀನಿನ ಅಲರ್ಜಿ ಎಂದುಕೊಳ್ಳುತ್ತಾರೆ. ಬಾಯಿಗಿಟ್ಟಾಗ ಮೆಣಸಿನಂತೆ ಚುರುಕೆನಿಸಿದರೆ ಅಲ್ಲೇ ಬಿಟ್ಟುಬಿಡಿ. ಅಲರ್ಜಿಗೆ ವೈದ್ಯರು ಕೊಡುವ ಮಾತ್ರೆಯಿಂದ ಸಾಮಾನ್ಯವಾಗಿ ಇಳಿಯುತ್ತದೆ, ಉಸಿರು ಕಟ್ಟಿದಂತಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಾಲ್ಡೀವ್ಸಿನ ಅಡುಗೆಯ ಜೀವಾಳವೇ ಟ್ಯೂನಾ. ಅದು ತೆರೆದ ಸಮುದ್ರದ ಮೀನು, ಸಿಗ್ವಾಟೆರಾದ ಹೆದರಿಕೆ ಕಡಿಮೆ. ಬೆಳಗಿನ ತಿಂಡಿಗೆ ಅಲ್ಲಿ ‘ಮಸ್ ಹುನಿ’ ಕೊಡುತ್ತಾರೆ: ಟ್ಯೂನಾ, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಕಲಸಿ, ರೊಟ್ಟಿಯ ಜೊತೆ. ಬಹಳ ರುಚಿ. ಹಸಿ ತೆಂಗಿನ ತುರಿ ಸೆಕೆಯಲ್ಲಿ ಎಷ್ಟು ಬೇಗ ಹುಳಿಯುತ್ತದೆಂದು ನಮ್ಮ ಅಡುಗೆಮನೆಗಳಿಗೆ ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ಕಲಸಿದ್ದನ್ನು ಬೆಳಿಗ್ಗೆಯೇ ತಿನ್ನಿ.

ಬಾಲಿಯ ಊಟ

ಬಾಲಿಯ ಚಿಕ್ಕ ಊಟದ ಮನೆಗಳಿಗೆ ವಾರುಂಗ್ ಎನ್ನುತ್ತಾರೆ. ಅಲ್ಲಿಗೆ ಹೋಗಬೇಡಿ, ದೊಡ್ಡ ಹೋಟೆಲಿಗೇ ಹೋಗಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಿಮ್ಮೆದುರೇ ಬಾಣಲೆಯಲ್ಲಿ ಹೊಗೆಯಾಡುತ್ತಾ ಬಂದ ನಾಸಿ ಗೊರೆಂಗ್, ದೊಡ್ಡ ಹೋಟೆಲಿನ ಬಫೆಯಲ್ಲಿ ಮೂರು ಗಂಟೆ ಉಗುರು ಬೆಚ್ಚಗೆ ಕೂತ ಪಲ್ಯಕ್ಕಿಂತ ಎಷ್ಟೋ ಮೇಲು. ನಾಸಿ ಚಂಪೂರ್ ಕೊಡುವ ಕಡೆ ಮಾತ್ರ ಸಮಯ ನೋಡಬೇಕು. ಬೆಳಿಗ್ಗೆಯೇ ಮಾಡಿದ ಹತ್ತಾರು ಬಗೆಯನ್ನು ಗಾಜಿನ ಕಪಾಟಿನಲ್ಲಿಟ್ಟು ದಿನವಿಡೀ ಬಡಿಸುತ್ತಾರೆ. ಹನ್ನೊಂದರ ಹೊತ್ತಿಗೆ ಹೋದರೆ ತಾಜಾ, ಸಂಜೆ ನಾಲ್ಕಕ್ಕೆ ಹೋದರೆ ಅದೇ ಪಲ್ಯ ಬೇರೆಯ ವಸ್ತು. ಅನ್ನಕ್ಕೂ ಈ ಮಾತು ಸಲ್ಲುತ್ತದೆ. ಬೆಂದ ಅನ್ನ ಸೆಕೆಯಲ್ಲಿ ಗಂಟೆಗಟ್ಟಲೆ ಉಳಿದರೆ ಅದರಲ್ಲಿ ಹುಟ್ಟುವ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ.

ಹಸಿ ರಕ್ತ ಬೆರೆಸಿದ ಲಾವಾರ್ ಎಂಬ ಹಂದಿಮಾಂಸದ ಖಾದ್ಯ ಬಾಲಿಯ ಹಬ್ಬದೂಟದ ಭಾಗ. ಆತಿಥ್ಯಕ್ಕೆ ಗೌರವ ಇಟ್ಟುಕೊಂಡೇ ಬೇಡ ಎನ್ನಿ. ಹಸಿ ಹಂದಿಮಾಂಸದಿಂದ ಬರುವ ಒಂದು ಬ್ಯಾಕ್ಟೀರಿಯಾ ಮಿದುಳಿನ ಪೊರೆಗೆ ಸೋಂಕು ತಂದ ಪ್ರಕರಣಗಳು ಅಲ್ಲಿ ದಾಖಲಾಗಿವೆ. ಸಸ್ಯಾಹಾರಿಗಳು ಸಂಬಾಲ್ ಎಂಬ ಖಾರದ ಚಟ್ನಿಯಲ್ಲಿ ತೆರಾಸಿ, ಅಂದರೆ ಸಿಗಡಿಯ ಗೊಜ್ಜು, ಇರುತ್ತದೆಂದು ತಿಳಿದಿರಲಿ; ಸಿಗಡಿ ಅಲರ್ಜಿ ಇದ್ದವರಿಗೆ ಇದು ಅಪಾಯವೂ ಹೌದು. ಹಣ್ಣನ್ನು ಇಡಿಯಾಗಿ ಕೊಂಡು ನೀವೇ ಸುಲಿದು ತಿನ್ನಿ. ಕತ್ತರಿಸಿ ನೀರು ಚಿಮುಕಿಸಿಟ್ಟ ಕಲ್ಲಂಗಡಿ ಬೇಡ.

ಮದ್ಯದ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಅರಾಕ್ ಎಂಬ ಸ್ಥಳೀಯ ಸಾರಾಯಿಯಲ್ಲಿ ಮೆಥನಾಲ್ ಬೆರೆತು 2009ರಲ್ಲಿ ಬಾಲಿ ಮತ್ತು ಲೊಂಬೊಕ್‌ನಲ್ಲಿ 25 ಜನ ಸತ್ತರು, ಅವರಲ್ಲಿ ವಿದೇಶಿಯರೂ ಇದ್ದರು. ಮೆಥನಾಲ್‌ಗೆ ಬೇರೆ ರುಚಿಯಿಲ್ಲ. ಕುಡಿದ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ಮೇಲೆ ಕಣ್ಣು ಮಂಜಾಗುವುದು, ಎಲ್ಲವೂ ಬೆಳ್ಳಗೆ ಕಾಣುವುದು, ಹೊಟ್ಟೆನೋವು, ಏದುಸಿರು. ಅದು ನಿಶೆಯ ಇಳಿತ ಎಂದು ಮಲಗಿಸಬಾರದು. ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು, ಡಯಾಲಿಸಿಸ್ ಇರುವ ಆಸ್ಪತ್ರೆಯಾದರೆ ಒಳ್ಳೆಯದು. ಕುಡಿಯುವವರು ಮುದ್ರೆ ಒಡೆಯದ ಬಾಟಲಿಯದನ್ನಷ್ಟೇ ಕುಡಿಯಲಿ. ಜಗ್ಗಿನಲ್ಲಿ ಬೆರೆಸಿಟ್ಟ ಅಗ್ಗದ ಕಾಕ್‌ಟೇಲ್ ಮುಟ್ಟಬೇಡಿ.

ಹೊಟ್ಟೆ ಕೆಟ್ಟರೆ

ಎಷ್ಟು ಎಚ್ಚರವಿದ್ದರೂ ಕೆಡಬಹುದು. ಮೊದಲ ಕೆಲಸ ಭೇದಿ ನಿಲ್ಲಿಸುವುದಲ್ಲ, ಹೋದ ನೀರು ಮತ್ತು ಲವಣ ತುಂಬಿಸುವುದು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಲನಾಬಿಸ್ ಸಲೈನ್ ಮುಗಿದ ಹೊತ್ತಿನಲ್ಲಿ ಉಪ್ಪು ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಸಾವಿನ ಪ್ರಮಾಣ ಶೇ 30ರ ಆಸುಪಾಸಿನಿಂದ ಶೇ 4ಕ್ಕೂ ಕೆಳಗಿಳಿಯಿತು. ಅಂಥ ದ್ರಾವಣದ ಪೊಟ್ಟಣವೇ ಇಂದಿನ ಓಆರ್‌ಎಸ್. ತಲೆಗೆ ನಾಲ್ಕೈದರಂತೆ ಊರಿನಿಂದಲೇ ಒಯ್ಯಿರಿ. ಎಷ್ಟು ನೀರಿಗೆ ಎಂದು ಪೊಟ್ಟಣದ ಮೇಲೆ ಓದಿಕೊಳ್ಳಿ, ಒಂದು ಲೀಟರಿನದೂ ಇರುತ್ತದೆ, 200 ಮಿಲಿಲೀಟರಿನದೂ ಇರುತ್ತದೆ. ಗಟ್ಟಿಯಾಗಿ ಕಲಸಿದರೆ ಭೇದಿ ಹೆಚ್ಚುತ್ತದೆ. ಓಆರ್‌ಎಸ್ ಎಂದು ಹೆಸರಿಟ್ಟುಕೊಂಡ ಸಿಹಿ ಪಾನೀಯಗಳು ಅದಲ್ಲ. ಅಂಥ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶಿಸಿತು. ಪೊಟ್ಟಣ ಮುಗಿದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾಗುತ್ತಿದ್ದರೂ ಹತ್ತು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಕೊಡುತ್ತಿರಿ.

ಉಪವಾಸ ಬೇಡ. ಬಾಲಿಯಲ್ಲಿ ‘ಬುಬುರ್’ ಎಂಬ ಅಕ್ಕಿ ಗಂಜಿ ಬೆಳಗಾದರೆ ಎಲ್ಲೆಡೆ ಸಿಗುತ್ತದೆ. ಕೋಳಿ ಹಾಕದೆ ಬರೀ ಗಂಜಿ ಕೇಳಿ, ಚೂರು ಉಪ್ಪು ಹಾಕಿಕೊಳ್ಳಿ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ದೊಡ್ಡವರಿಗೆ ದೋಣಿ ಪ್ರಯಾಣಕ್ಕೆ ನೆರವಾದೀತು. ಜ್ವರವೋ ಮಲದಲ್ಲಿ ರಕ್ತವೋ ಇದ್ದರೆ ನುಂಗಬಾರದು, ಮಕ್ಕಳಿಗೆ ಕೊಡಲೇಬಾರದು. ಆಂಟಿಬಯಾಟಿಕ್ ಬೇಕೇ ಬೇಡವೇ ಎಂದು ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಮಲದಲ್ಲಿ ರಕ್ತ, ಜ್ವರ, ಕುಡಿದದ್ದೇನೂ ನಿಲ್ಲದಿರುವುದು, ಆರೆಂಟು ಗಂಟೆ ಮೂತ್ರವಾಗದಿರುವುದು, ಮಗು ಮಂಕಾಗಿ ಮಲಗಿರುವುದು, ಇವುಗಳಲ್ಲಿ ಒಂದು ಕಂಡರೂ ಮುಂದಿನ ದೋಣಿ ಹಿಡಿಯಿರಿ. ಪ್ರವಾಸ ವಿಮೆ ಮಾಡಿಸುವಾಗ ದ್ವೀಪದಿಂದ ರೋಗಿಯನ್ನು ಸಾಗಿಸುವ ಖರ್ಚು ಅದರಲ್ಲಿ ಸೇರಿದೆಯೇ ನೋಡಿಕೊಳ್ಳಿ.

ಹೆಪಟೈಟಿಸ್ ಎ ಮತ್ತು ಟೈಫಾಯ್ಡ್‌ಗೆ ಲಸಿಕೆಗಳಿವೆ, ತಿಂಗಳು ಮುಂಚೆಯೇ ವೈದ್ಯರನ್ನು ಕಾಣುವುದು ಒಳ್ಳೆಯದು. ಬಸುರಿಯರು ಇನ್ನಷ್ಟು ಎಚ್ಚರ ವಹಿಸಬೇಕು. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಇ ಬೇರೆಯವರಲ್ಲಿ ಹೆಚ್ಚಾಗಿ ತಾನೇ ವಾಸಿಯಾಗುತ್ತದೆ, ಬಸುರಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಜೀವಕ್ಕೇ ಎರವಾಗಬಹುದು. ಅಂಥವರಿಗೆ ಚಿಕ್ಕ ದ್ವೀಪದ ಪ್ರವಾಸವನ್ನು ಮುಂದೂಡಿ ಎಂದೇ ನನ್ನ ಸಲಹೆ.

ಊರಿಗೆ ಮರಳಿದ ಮೇಲೆ ಎರಡು ವಾರ ಕಳೆದರೂ ಹೊಟ್ಟೆ ಸರಿಹೋಗದಿದ್ದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ವೈದ್ಯರ ಬಳಿ ಹೋಗಿ. ‘ಹೊಟ್ಟೆ ಕೆಟ್ಟಿದೆ’ ಎಂದಷ್ಟೇ ಹೇಳಿದರೆ ಅವರಿಗೆ ಸುಳಿವು ಸಿಗುವುದಿಲ್ಲ. ಯಾವ ದ್ವೀಪದಲ್ಲಿದ್ದಿರಿ, ಯಾವ ನೀರು ಕುಡಿದಿರಿ, ಯಾವ ಮೀನು ತಿಂದಿರಿ, ಜೊತೆಗಿದ್ದವರಲ್ಲಿ ಇನ್ನಾರಿಗೆ ಹೀಗಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿ.